ಹ್ಯೂಸ್ಟನ್‌ಗೆ ಕ್ಯಾಟಗರಿ 1 ಚಂಡಮಾರುತ: ಊರು ಬಿಡಬೇಕೇ, ಮನೆಯಲ್ಲೇ ಇರಬಹುದೇ?

ಅಮೆರಿಕದ ಹ್ಯೂಸ್ಟನ್‌ಗೆ ಬಂದು ಇನ್ನೂ ವರ್ಷವಾಗಿಲ್ಲ, ಮೂರನೇ ಮಹಡಿಯ ಅಪಾರ್ಟ್‌ಮೆಂಟ್, ಮನೆಯಲ್ಲಿ ಸಣ್ಣ ಮಗು, ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ ಇದ್ದಾರೆ ಎಂದಿದ್ದೀರಿ. ಬರುತ್ತಿರುವುದು ಕ್ಯಾಟಗರಿ 1, ಅಕ್ಕಪಕ್ಕದವರು ತಲೆ ಕೆಡಿಸಿಕೊಂಡಿಲ್ಲ, ಹಾಗಾದರೆ ಎಷ್ಟು ತಯಾರಿ ಸಾಕು ಎಂಬುದು ನಿಮ್ಮ ಪ್ರಶ್ನೆ.

ಇಲ್ಲೇ ಇರುವವನಾಗಿ ಹೇಳುತ್ತೇನೆ: ಕ್ಯಾಟಗರಿ ನೋಡಿ ತಯಾರಿ ಅಳೆಯಬೇಡಿ. 1ರಿಂದ 5ರವರೆಗಿನ ಆ ಅಂಕಿ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಎಷ್ಟು ಮಳೆ ಬೀಳುತ್ತದೆ, ಕರೆಂಟ್ ಎಷ್ಟು ದಿನ ಇರುವುದಿಲ್ಲ ಎಂಬುದು ಅದರಲ್ಲಿಲ್ಲ. 2017ರ ಹಾರ್ವೀ ಚಂಡಮಾರುತ ಈ ನಗರವನ್ನು ಮುಳುಗಿಸುವ ಹೊತ್ತಿಗೆ ಕ್ಯಾಟಗರಿ 1ರ ಮಟ್ಟದಲ್ಲೂ ಉಳಿದಿರಲಿಲ್ಲ. ಶಕ್ತಿ ಕುಂದಿ, ಮುಂದೆ ಸಾಗದೆ ನಿಂತು, ಸುತ್ತಮುತ್ತ ಹಲವೆಡೆ 100 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಸಿತು. 2024ರ ಜುಲೈ 8ರಂದು ಬಂದ ಬೆರಿಲ್ ಕೂಡ ಕ್ಯಾಟಗರಿ 1. 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ವಿದ್ಯುತ್ ಕಡಿತವಾಯಿತು, ಕೆಲವರ ಮನೆಗೆ ಅದು ಮರಳಲು ವಾರಕ್ಕಿಂತ ಹೆಚ್ಚು ಹಿಡಿಯಿತು. ಗಾಳಿಯಲ್ಲಿ ಏನೂ ಆಗದೆ ಪಾರಾದ ಹಿರಿಯರು ಆಮೇಲೆ ಎಸಿಯಿಲ್ಲದ ಮನೆಯ ಸೆಕೆಗೆ ತೀರಿಕೊಂಡರು. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗೆಂದು ಗಾಬರಿಬಿದ್ದು ಹೊರಡುವುದೂ ಸರಿಯಲ್ಲ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಈ ಪ್ರದೇಶದ ಲಕ್ಷಾಂತರ ಜನ ಒಟ್ಟಿಗೆ ಹೆದ್ದಾರಿಗಿಳಿದರು. ವಾಹನಗಳು ಗಂಟೆಗಟ್ಟಲೆ ಬಿಸಿಲಲ್ಲಿ ನಿಂತವು, ಪೆಟ್ರೋಲ್ ಮುಗಿಯಿತು. ಆ ಓಟದಲ್ಲಿ ಸತ್ತವರು ಚಂಡಮಾರುತಕ್ಕೆ ನೇರವಾಗಿ ಬಲಿಯಾದವರಿಗಿಂತ ಎಷ್ಟೋ ಹೆಚ್ಚು. ಸಮುದ್ರ ಉಕ್ಕಿದರೆ ನೀರು ನುಗ್ಗುವ ಪ್ರದೇಶಗಳನ್ನು ಇಲ್ಲಿ ಪಿನ್‌ಕೋಡ್ ಪ್ರಕಾರ ವಲಯಗಳಾಗಿ ಗುರುತಿಸಿದ್ದಾರೆ. ನಿಮ್ಮದು ಅಂಥ ವಲಯವಾಗಿದ್ದು ಊರು ಬಿಡುವ ಆದೇಶ ಬಂದರೆ ಎರಡನೇ ಯೋಚನೆ ಬೇಡ, ಹೊರಡಿ. ಇಲ್ಲದಿದ್ದರೆ ಮನೆಯಲ್ಲೇ ಇರಿ, ರಸ್ತೆಯನ್ನು ಕರಾವಳಿಯವರಿಗೆ ಬಿಟ್ಟುಕೊಡಿ.

ಮೂರನೇ ಮಹಡಿಗೆ ನೀರು ಬರುವುದಿಲ್ಲ, ಕಾರಿಗೆ ಬರುತ್ತದೆ. ಇವತ್ತೇ ಎತ್ತರದ ಜಾಗದಲ್ಲಿ ನಿಲ್ಲಿಸಿ. ಮಳೆ ಶುರುವಾದ ಮೇಲೆ ಅದನ್ನು ಹೊರತೆಗೆಯಲೇಬೇಡಿ, ಒಂದಡಿ ಹರಿಯುವ ನೀರು ಸಣ್ಣ ಕಾರನ್ನು ಕೊಚ್ಚಿಕೊಂಡು ಹೋಗಬಲ್ಲದು. ಅಂಡರ್‌ಪಾಸ್‌ಗಳಂತೂ ನೋಡುನೋಡುತ್ತಲೇ ತುಂಬುತ್ತವೆ.

ಉಳಿದದ್ದೆಲ್ಲ ಕರೆಂಟ್ ಇಲ್ಲದ ದಿನಗಳ ತಯಾರಿ. ಮೂರು ದಿನಕ್ಕಲ್ಲ, ವಾರಕ್ಕೆ ಲೆಕ್ಕ ಹಾಕಿ. ಕುಡಿಯುವ ನೀರು ತಲೆಗೆ ದಿನಕ್ಕೆ ಸುಮಾರು 4 ಲೀಟರ್, ಒಲೆ ಹಚ್ಚದೆ ತಿನ್ನಬಹುದಾದ ಆಹಾರ, ಟಾರ್ಚ್, ಪವರ್ ಬ್ಯಾಂಕ್, ಸ್ವಲ್ಪ ನಗದು. ಶೌಚಕ್ಕೆ ಬೇಕಾದ ನೀರನ್ನು ಬಾತ್‌ಟಬ್‌ನಲ್ಲಿ ತುಂಬಿಡಿ, ಆದರೆ ಮಗು ಅತ್ತ ಸುಳಿಯದಂತೆ ಬಾಗಿಲು ಹಾಕಿರಿ. ಬಾಗಿಲು ತೆರೆಯದಿದ್ದರೂ ಫ್ರಿಜ್ ತಂಪು ಹಿಡಿಯುವುದು ನಾಲ್ಕು ಗಂಟೆ ಮಾತ್ರ. ಆಮೇಲೆ ಇನ್ಸುಲಿನ್ ಐಸ್‌ಬಾಕ್ಸ್‌ಗೆ ಹೋಗಬೇಕು. ಅದು ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ, ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಎಷ್ಟು ದಿನದ ಔಷಧಿ ಉಳಿದಿದೆ ಎಂದು ಈಗಲೇ ನೋಡಿ, ಫಾರ್ಮಸಿಗಳು ಮುಚ್ಚುವ ಮುಂಚೆ ತಂದಿಡಿ. ಜನರೇಟರ್ ಅನ್ನು ಮಾತ್ರ ಬಾಲ್ಕನಿಯಲ್ಲಿ ಓಡಿಸುವ ಯೋಚನೆ ಬೇಡವೇ ಬೇಡ. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ.

ಮುನ್ಸೂಚನೆಯ ನಕ್ಷೆಯಲ್ಲಿ ತೋರಿಸುವ ಕೋನ್ (ಶಂಕುವಿನಾಕಾರದ ಪಟ್ಟಿ) ಬಗ್ಗೆಯೂ ಒಂದು ಮಾತು. ಅದು ಚಂಡಮಾರುತದ ಕೇಂದ್ರ ಸಾಗಬಹುದಾದ ದಾರಿ ಅಷ್ಟೇ. ಮನೆ ಅದರ ಗೆರೆಯಾಚೆ ಇದ್ದರೂ ಗಾಳಿಮಳೆ ತಲುಪುತ್ತವೆ.

ಕೊನೆಯದಾಗಿ, ಕರೆಂಟ್ ಹೋದ ಮರುದಿನ ಅತ್ತೆಯವರನ್ನು ಎಲ್ಲಿಗೆ ಕರೆದೊಯ್ಯುತ್ತೀರಿ? ಬೇರೆ ಬೇರೆ ಬಡಾವಣೆಗಳಲ್ಲಿರುವ ಇಬ್ಬರು ಸ್ನೇಹಿತರನ್ನು ಈಗಲೇ ಕೇಳಿಡಿ, ಸೆಕೆಯಿಂದ ಪಾರಾಗಲು ಸಾರ್ವಜನಿಕರಿಗೆ ತೆರೆಯುವ ಎಸಿ ಜಾಗ, ಅಂದರೆ ಹತ್ತಿರದ ಕೂಲಿಂಗ್ ಸೆಂಟರ್‌ನ ವಿಳಾಸ ಬರೆದಿಟ್ಟುಕೊಳ್ಳಿ. ನೀರು ಇಳಿದು ರಸ್ತೆ ತೆರೆದ ಕೂಡಲೇ ಕರೆದುಕೊಂಡು ಹೋಗಿ. "ನಾನು ತಡೆದುಕೊಳ್ಳುತ್ತೇನೆ" ಎಂದು ಅವರು ಹೇಳಿದರೂ ಕಾಯಬೇಡಿ.