ಸ್ಕೌಟ್ ಶಿಬಿರದಲ್ಲಿ ಹೆತ್ತವರ ಪಾಲೇನು?

ಪ್ರಶ್ನೆ: ಮಗ ತೀರ್ಥಹಳ್ಳಿಯಲ್ಲಿ ಸ್ಕೌಟ್ ದಳ ಸೇರಿದ್ದಾನೆ. ಶಿಬಿರದ ಸಿದ್ಧತೆಯನ್ನೆಲ್ಲ ಮಕ್ಕಳೇ ಮಾಡಬೇಕೆಂದರೆ ಹೆತ್ತವರಾದ ನಮಗೇನು ಕೆಲಸ?

ಉತ್ತರ: ನಿಮಗೂ ಬೇಕಾದಷ್ಟು ಕೆಲಸವಿದೆ, ಆದರೆ ಅದು ಮಕ್ಕಳ ಕೈಯಿಂದ ಕಿತ್ತುಕೊಂಡು ಮಾಡುವ ಕೆಲಸವಲ್ಲ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ನಡೆಸಿದ ಮೊದಲ ಶಿಬಿರದಲ್ಲೇ ಹುಡುಗರನ್ನು ಚಿಕ್ಕ ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡದ ಹೊಣೆಯನ್ನು ಅವರಲ್ಲೊಬ್ಬನಿಗೇ ವಹಿಸಲಾಗಿತ್ತು. ಇಂದಿಗೂ 'ಪ್ಯಾಟ್ರೋಲ್' ಎಂಬ ಆ ಚಿಕ್ಕ ತಂಡವೇ ಸ್ಕೌಟಿಂಗ್‌ನ ಜೀವಾಳ. ನಮ್ಮ ಮಲೆನಾಡಿನ ಒದ್ದೆ ಸೌದೆಗೆ ಬೆಂಕಿ ಹಿಡಿಸಲು ಮಗ ಮೂರು ಸಲ ಸೋತು, ಕಣ್ಣಲ್ಲಿ ಹೊಗೆ ತುಂಬಿಕೊಂಡು, ಕೊನೆಗೆ ಒಣಗಿದ ಅಡಿಕೆ ಸೋಗೆಯನ್ನು ತಾನೇ ಹುಡುಕಿ ತರುವವರೆಗೆ ದೂರ ನಿಂತು ನೋಡುವುದು ನಿಜಕ್ಕೂ ಕಷ್ಟ, ಆದರೂ ಕಾಯಿರಿ. ವಾಹನ, ಲೆಕ್ಕಪತ್ರ, ಪ್ರಥಮ ಚಿಕಿತ್ಸೆ, ತುಂಬಿದ ತುಂಗೆಗೆ ಯಾರೂ ಇಳಿಯದಂತೆ ಕಾವಲು, ಇವುಗಳಿಗೆ ಮಾತ್ರ ನೀವು ಸ್ಕೌಟ್ ಮಾಸ್ಟರ್ ಜೊತೆ ನಿಲ್ಲಲೇಬೇಕು. ಅಡುಗೆ ಸಾಮಾನಿನ ಪಟ್ಟಿಯನ್ನು ಮಕ್ಕಳೇ ಬರೆಯಲಿ, ಉಪ್ಪು ಮರೆತರೂ ಚಿಂತೆಯಿಲ್ಲ.