ತಕ್ಕಡಿಗೆ ಯುಎಸ್‌ಬಿ ಕನ್ವರ್ಟರ್: ಹೊಸದು ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ

ಪ್ರಶ್ನೆ: ನಮ್ಮದು ದಿನಸಿ ಅಂಗಡಿ. ಹಳೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ. ಯುಎಸ್‌ಬಿ ಕನ್ವರ್ಟರ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ತೂಕವೇ ಬರುವುದಿಲ್ಲ. ಕನ್ವರ್ಟರ್ ಬದಲಿಸಬೇಕೆ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಮೊದಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ‘ಪೋರ್ಟ್ಸ್’ ಅಡಿಯಲ್ಲಿ ನೋಡಿ. ಹಳದಿ ತ್ರಿಕೋನ ಕಂಡರೆ ಡ್ರೈವರ್ (ಕನ್ವರ್ಟರನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ತಕರಾರು. ಪಿಎಲ್‌2303ಎಚ್‌ಎಕ್ಸ್‌ಎ ಎಂಬ, ಕೆಲವು ಕನ್ವರ್ಟರುಗಳೊಳಗಿರುವ ಹಳೆಯ ಚಿಪ್‌ನ ತಯಾರಿಕೆ 2012ರಲ್ಲೇ ನಿಂತುಹೋಗಿದೆ, ಹೊಸ ಡ್ರೈವರ್ ಅದನ್ನು ಒಪ್ಪುವುದಿಲ್ಲ. ಇದೊಂದು ಸಂದರ್ಭದಲ್ಲಿ ಬದಲಿಸುವುದೇ ಸರಿ. ಎಫ್‌ಟಿ232 ಅಥವಾ ಸಿಎಚ್340 ಚಿಪ್ ಇರುವುದನ್ನು ಕೇಳಿ ತನ್ನಿ. ಆದರೆ ಬರೀ ಸರ್ಕ್ಯೂಟ್ ಬೋರ್ಡಿನಂತಿರುವ ಅಗ್ಗದ ಟಿಟಿಎಲ್ ಕನ್ವರ್ಟರ್ ಬೇಡ. ಅದು 3.3 ಅಥವಾ 5 ವೋಲ್ಟಿನದು. ತಕ್ಕಡಿಯ ಸೀರಿಯಲ್ ಪೋರ್ಟಿನ (ಆರ್‌ಎಸ್‌-232) ಸಂಕೇತ ಮೈನಸ್ 12 ವೋಲ್ಟ್‌ವರೆಗೂ ಇಳಿಯುವುದರಿಂದ ಬೋರ್ಡ್ ಸುಟ್ಟುಹೋದೀತು.

ಅಲ್ಲಿ ಕಾಮ್ ಸಂಖ್ಯೆ (COM3 ಎಂಬಂಥ ಪೋರ್ಟಿನ ಹೆಸರು) ಸರಿಯಾಗಿ ಕಂಡರೆ ತಕ್ಕಡಿಯ ಕೇಬಲನ್ನು ಕನ್ವರ್ಟರಿನಿಂದ ಕಳಚಿಟ್ಟು, ಪುಟ್ಟಿ (PuTTY) ಎಂಬ, ಪೋರ್ಟಿಗೆ ಬರುವ ಅಕ್ಷರಗಳನ್ನು ಪರದೆಯಲ್ಲಿ ತೋರಿಸುವ ತಂತ್ರಾಂಶದಲ್ಲಿ ಆ ಸಂಖ್ಯೆಯನ್ನು ತೆರೆಯಿರಿ. ಅದರಲ್ಲಿ ‘ಫ್ಲೋ ಕಂಟ್ರೋಲ್’ ಎಂಬಲ್ಲಿ ‘None’ ಇರಲಿ. ಕನ್ವರ್ಟರಿನ 2 ಮತ್ತು 3ನೇ ಪಿನ್ ಅಕ್ಕಪಕ್ಕದಲ್ಲೇ ಇವೆ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಮುಟ್ಟಿಸಿ ಕೀಲಿ ಒತ್ತಿ. ಒತ್ತಿದ ಅಕ್ಷರ ಪರದೆಯಲ್ಲಿ ಮೂಡಿದರೆ ಕನ್ವರ್ಟರ್, ಡ್ರೈವರ್ ಎರಡೂ ಸರಿಯಿವೆ.

ಇನ್ನು ಕೇಬಲ್. ಇಲ್ಲೇ ಹೆಚ್ಚಿನವರು ಎಡವುವುದು. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ತುದಿಯನ್ನು ತಕ್ಕಡಿಯ 5ನೇ ಪಿನ್ನಿಗೆ, ಕೆಂಪು ತುದಿಯನ್ನು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಎಲ್ಲಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಿಸುತ್ತದೋ ತಕ್ಕಡಿ ಮಾಹಿತಿ ಕಳಿಸುವುದು ಅಲ್ಲಿಂದ. ಅದು ಕನ್ವರ್ಟರಿನ 2ನೇ ಪಿನ್ನಿಗೆ ಬಂದು ಸೇರಬೇಕು. 2ರಲ್ಲಿ ಸಿಕ್ಕರೆ ನೇರ ಕೇಬಲ್ ಸಾಕು. 3ರಲ್ಲಿ ಸಿಕ್ಕರೆ 2 ಮತ್ತು 3 ಅದಲುಬದಲಾಗಿರುವ ‘ನಲ್ ಮೋಡೆಮ್’ ಕೇಬಲ್ ಬೇಕು. ಎರಡರಲ್ಲೂ ಸಿಗದಿದ್ದರೆ ಮ್ಯಾನ್ಯುಯಲ್‌ನಲ್ಲಿ ಪಿನ್ ವಿವರ ನೋಡಲೇಬೇಕು, ಎಲ್ಲ ತಯಾರಕರೂ ಒಂದೇ ಕ್ರಮ ಪಾಲಿಸುವುದಿಲ್ಲ.

ಸರಿಯಾದ ಕೇಬಲ್‌ನಲ್ಲಿ ತಕ್ಕಡಿಯನ್ನು ಜೋಡಿಸಿ ಮತ್ತೆ ಪುಟ್ಟಿಯಲ್ಲಿ ನೋಡಿ. ತೂಕದ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ಸಂತೋಷಪಡಿ, ತಂತಿ ಸರಿಯಿದೆ, ವೇಗ ಅಥವಾ ಬಿಟ್ ಹೊಂದಿಕೆಯಷ್ಟೇ ತಪ್ಪಿರಬಹುದು. 9600 ಆಗದಿದ್ದರೆ 4800, 2400, 1200 ಬಾಡ್ (ಮಾಹಿತಿ ಸಾಗುವ ವೇಗದ ಅಳತೆ) ಪ್ರಯತ್ನಿಸಿ. ಆಗಲೂ ಆಗದಿದ್ದರೆ 8 ಬಿಟ್ ಬದಲು 7 ಬಿಟ್, ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ಹೆಚ್ಚುವರಿ ಬಿಟ್) ‘ಈವನ್’ ಹಾಕಿ ನೋಡಿ.

ಪುಟ್ಟಿಯಲ್ಲಿ ತೂಕ ಕಂಡ ಮೇಲೆ ಅದನ್ನು ಮುಚ್ಚಿಯೇ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯಿರಿ. ಒಂದು ಪೋರ್ಟನ್ನು ಇಬ್ಬರು ಹಿಡಿಯಲಾಗದು. ಸಿಎಚ್340 ಕನ್ವರ್ಟರನ್ನು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ಕಾಮ್ ಸಂಖ್ಯೆ ಬದಲಾಗುವುದುಂಟು. ಕಿಂಡಿಗೊಂದು ಚೀಟಿ ಅಂಟಿಸಿಡಿ.

ಪ್ರಶ್ನೆ: ಟೈಪ್‌-ಸಿ ಫೋನನ್ನು ಎಚ್‌ಡಿಎಂಐ ಅಡಾಪ್ಟರ್ ಮೂಲಕ ಟಿವಿಗೆ ಜೋಡಿಸಿದೆ. ಚಾರ್ಜ್ ಆಗುತ್ತದೆ, ಚಿತ್ರ ಇಲ್ಲ. ಯಾಕೆ?

ಉತ್ತರ: ಫೋನಿನ ಕಿಂಡಿಯಿಂದ ಚಿತ್ರ ಹೊರಬರಲು ಅದರಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇರಬೇಕು. ವಿವರಪಟ್ಟಿಯಲ್ಲಿ ‘ಯುಎಸ್‌ಬಿ 2.0’ ಎಂದಷ್ಟೇ ಇದ್ದರೆ ಆ ಸೌಲಭ್ಯ ಇಲ್ಲವೆಂದೇ ಲೆಕ್ಕ. ಕಡಿಮೆ ಬೆಲೆಯ ಬಹುತೇಕ ಫೋನ್‌ಗಳು ಹೀಗೇ. ಅಡಾಪ್ಟರ್ ಎಷ್ಟು ದುಬಾರಿಯದಾದರೂ ಇಲ್ಲದ ಸಂಕೇತವನ್ನು ತರಲಾರದು. ವಾಪಸ್ ಕೊಟ್ಟು, ಟಿವಿ ಸ್ಮಾರ್ಟ್ ಆಗಿದ್ದರೆ ವೈಫೈಯಲ್ಲಿ ಕಾಸ್ಟ್ ಮಾಡಿ, ಅಂದರೆ ತಂತಿಯಿಲ್ಲದೆ ಚಿತ್ರ ಕಳಿಸಿ.

ಪ್ರಶ್ನೆ: ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಒಟಿಜಿ ಕೇಬಲ್‌ನಲ್ಲಿ ಪೆನ್‌ಡ್ರೈವ್ ಓಡುತ್ತದೆ, ಹಾರ್ಡ್‌ಡಿಸ್ಕ್ ಮಾತ್ರ ಟಿಕ್ ಟಿಕ್ ಎನ್ನುತ್ತದೆ.

ಉತ್ತರ: ವಿದ್ಯುತ್ ಸಾಲದು. 2.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ ಸುಮಾರು 1 ಆಂಪಿಯರ್ ಎಳೆಯುತ್ತದೆ, ಅನೇಕ ಫೋನ್‌ಗಳು ಅಷ್ಟು ಕೊಡುವುದಿಲ್ಲ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಜೋಡಿಸಿ. ಟಿಕ್ ಎನ್ನುವಾಗ ಮತ್ತೆ ಮತ್ತೆ ಚುಚ್ಚಿ ತೆಗೆಯಬೇಡಿ, ಫೈಲ್‌ಗಳು ಹಾಳಾಗುತ್ತವೆ. ಕಂಪ್ಯೂಟರಿಗೆ ಹಾಕಿದಾಗಲೂ ಅದೇ ಸದ್ದು ಬಂದರೆ ಡಿಸ್ಕೇ ಕೆಡುತ್ತಿರಬಹುದು. ತೆರೆದುಕೊಂಡ ಕೂಡಲೇ ಮುಖ್ಯ ಫೈಲ್‌ಗಳನ್ನು ನಕಲು ಮಾಡಿಕೊಳ್ಳಿ.