ಕಾನೂನು ಪ್ರಶ್ನೋತ್ತರ: ಜಿಪಿಎ ಕೊಡುವ ಮುನ್ನ, ನಂಬಿ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಮೈಸೂರಿನಲ್ಲಿರುವ ನನ್ನ ಸೈಟು ಮಾರಲು ಊರಿನಲ್ಲಿರುವ ತಂಗಿಗೆ ಜಿಪಿಎ (ನನ್ನ ಪರವಾಗಿ ಸಹಿ ಹಾಕುವ ಸಾಮಾನ್ಯ ಅಧಿಕಾರಪತ್ರ) ಕೊಡಬೇಕು. ಹೇಗೆ ಬರೆಸಲಿ?

ಉತ್ತರ: ಮಾರುವುದು ಒಂದೇ ಸೈಟಾದರೆ ಆ ಕೆಲಸಕ್ಕಷ್ಟೇ ಸೀಮಿತವಾದ ವಿಶೇಷ ಅಧಿಕಾರಪತ್ರ (ಎಸ್‌ಪಿಎ) ಸಾಕು, ಅದೇ ಕ್ಷೇಮ. ಯಾವುದನ್ನೇ ಬರೆಸಿದರೂ ‘ನನ್ನ ಪರವಾಗಿ ಸಕಲ ಕಾರ್ಯಗಳನ್ನೂ ಮಾಡತಕ್ಕದ್ದು’ ಎಂಬ ಸಿದ್ಧ ನಮೂನೆಯನ್ನು ನೆಚ್ಚಬೇಡಿ. ನ್ಯಾಯಾಲಯಗಳು ಅಧಿಕಾರಪತ್ರವನ್ನು ಬಿಗಿಯಾಗಿ ಓದುತ್ತವೆ. ‘ನೋಡಿಕೊಂಡು ಹೋಗಲು’ ಎಂದು ಬರೆದುಕೊಟ್ಟರೆ ಮಾರುವ ಹಕ್ಕು ಬರುವುದಿಲ್ಲ. ‘ಮಾರಲು’ ಎಂದಷ್ಟೇ ಇದ್ದರೆ ದಾನ ಕೊಡುವ ಹಕ್ಕಿಲ್ಲ. ಆದ್ದರಿಂದ ಕರಾರು ಮಾಡಿಕೊಳ್ಳುವುದು, ಕ್ರಯಪತ್ರಕ್ಕೆ ಸಹಿ ಹಾಕುವುದು, ಅದನ್ನು ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸಿ ಒಪ್ಪಿಕೊಳ್ಳುವುದು, ಖಾತೆ ಮತ್ತು ತೆರಿಗೆ ಕಚೇರಿಯ ಕೆಲಸ ಇವನ್ನೆಲ್ಲ ಒಂದೊಂದಾಗಿ ಬರೆಸಿ. ಕನಿಷ್ಠ ಬೆಲೆಯನ್ನು ನಮೂದಿಸಿ. ಹಣ ನೇರವಾಗಿ ನಿಮ್ಮ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಖಾತೆ) ಬರಬೇಕೆಂಬ ಷರತ್ತು ಇರಲಿ. ಷೆಡ್ಯೂಲಿನಲ್ಲಿ (ಆಸ್ತಿಯ ವಿವರ ಬರೆಯುವ ಭಾಗ) ಸೈಟ್ ನಂಬರು, ಖಾತಾ ಸಂಖ್ಯೆ, ಅಳತೆ ಮತ್ತು ನಾಲ್ಕು ದಿಕ್ಕಿನ ಚಕ್ಕುಬಂದಿ ನಿಮ್ಮ ಹೆಸರಿನ ಕ್ರಯಪತ್ರದಲ್ಲಿ ಇದ್ದಂತೆಯೇ ಇರಬೇಕು.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಕ್ರಯಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇದ್ದರೆ ಎರಡನ್ನೂ ‘ಉರುಫ್’ ಎಂದು ಸೇರಿಸಿ ಬರೆಸಿ.

ಮನೆಯಲ್ಲೇ ಸಹಿ ಹಾಕಿ ಕಳಿಸಿದ ಪತ್ರ ನಡೆಯದು. ನೋಂದಣಿ ಕಾಯಿದೆಯ 33ನೇ ಕಲಂ ಪ್ರಕಾರ ಹೊರದೇಶದಲ್ಲಿರುವವರು ಭಾರತೀಯ ಕಾನ್ಸುಲ್ ಅಥವಾ ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿ ದೃಢೀಕರಿಸಿಕೊಳ್ಳಬೇಕು. ನೋಟರಿಯಾದರೆ ಅದರ ಮೇಲೆ ಅಪಾಸ್ಟಿಲ್ (ಬೇರೆ ದೇಶದಲ್ಲಿ ಬಳಸಲು ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಮಾಡಿಸಿ. ಮೂಲಪ್ರತಿ ಭಾರತಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ತಂಗಿ ಅದನ್ನು ಜಿಲ್ಲಾ ನೋಂದಣಾಧಿಕಾರಿಯ ಕಚೇರಿಗೆ ಒಯ್ದು ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ಬಂದ ದಿನಕ್ಕೆ ಅದೇ ಪುರಾವೆ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ಬಿಟ್ಟು ಬೇರೆಯವರಿಗೆ ಮಾರುವ ಅಧಿಕಾರ ಕೊಟ್ಟರೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. ತಂಗಿಯಾದ್ದರಿಂದ ಆ ಹೊರೆ ನಿಮಗಿಲ್ಲ.

ಪ್ರಶ್ನೆ: ಬೆಂಗಳೂರಿನ ಅಂಚಿನಲ್ಲಿ ‘ಜಿಪಿಎ ಸೈಟು’ ಕಡಿಮೆ ಬೆಲೆಗೆ ಸಿಗುತ್ತಿದೆ. ಜಿಪಿಎ ಬರೆದುಕೊಟ್ಟ ಮಾಲೀಕರು ತೀರಿಕೊಂಡಿದ್ದಾರೆ. ಪತ್ರದಲ್ಲಿ ‘ಹಿಂತೆಗೆದುಕೊಳ್ಳಲಾಗದ್ದು’ ಎಂದಿದೆ. ಕೊಳ್ಳಬಹುದೇ?

ಉತ್ತರ: ಬೇಡ. ಜಿಪಿಎ ಎಂದರೆ ಮಾಲೀಕನ ಪರವಾಗಿ ಸಹಿ ಹಾಕುವ ಅನುಮತಿ, ಅದರಿಂದ ಒಡೆತನ ಬರುವುದಿಲ್ಲ. ಕರಾರು, ಜಿಪಿಎ, ವಿಲ್ ಮೂರನ್ನೂ ಜೋಡಿಸಿಕೊಟ್ಟರೂ ಆಸ್ತಿ ವರ್ಗಾವಣೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ಹೇಳಿದೆ. ಮಾಲೀಕ ಸತ್ತರೆ ಜಿಪಿಎ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ.

ನಿಮ್ಮಂಥದ್ದೇ ಪ್ರಕರಣವೊಂದು ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಾಲೀಕರು 1986ರಲ್ಲಿ ಜಿಪಿಎ ಮತ್ತು ಕ್ರಯದ ಕರಾರು ಬರೆದುಕೊಟ್ಟು 1997ರಲ್ಲಿ ತೀರಿಕೊಂಡರು. ಜಿಪಿಎ ಪಡೆದವರು 1998ರಲ್ಲಿ ತಮ್ಮ ಮಗನ ಹೆಸರಿಗೆ ಕ್ರಯಪತ್ರ ಮಾಡಿಸಿದರು. ಆ ಕ್ರಯದಿಂದ ಹಕ್ಕು ಬರಲಿಲ್ಲವೆಂದು 2025ರ ಫೆಬ್ರವರಿಯಲ್ಲಿ ತೀರ್ಪಾಯಿತು. ‘ಹಿಂತೆಗೆದುಕೊಳ್ಳಲಾಗದ್ದು’ ಎಂಬ ಪದವೊಂದಿದ್ದರೆ ಜಿಪಿಎಗೆ ಆ ಬಲ ಬರುವುದಿಲ್ಲವೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಬೆಲೆ ಕಡಿಮೆ ಇರುವುದು ಈ ದೋಷದಿಂದಲೇ. ನಿಮಗೆ ಆ ಸೈಟೇ ಬೇಕೆಂದರೆ ವಂಶವೃಕ್ಷ ತರಿಸಿ, ಮೃತರ ಎಲ್ಲ ವಾರಸುದಾರರೂ ಸಹಿ ಹಾಕಿದ ನೋಂದಾಯಿತ ಕ್ರಯಪತ್ರವನ್ನೇ ಮಾಡಿಸಿಕೊಳ್ಳಿ. ಒಬ್ಬ ಮಗಳ ಸಹಿ ತಪ್ಪಿದರೂ ಮುಂದೆ ಭಾಗದ ದಾವೆ ಬರುತ್ತದೆ.

ಪ್ರಶ್ನೆ: ತಂದೆಗೆ ಮರೆವಿನ ಕಾಯಿಲೆ ಶುರುವಾಗಿದೆ. ಈಗ ಜಿಪಿಎ ಮಾಡಿಸಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ನೀವು ಅಂದುಕೊಂಡಷ್ಟು ದಿನ ಬಾರದು. ಕರಾರು ಕಾಯಿದೆಯ 201ನೇ ಕಲಂ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಏಜೆನ್ಸಿ, ಅಂದರೆ ಜಿಪಿಎ ಕೊಟ್ಟ ಅಧಿಕಾರ, ಕೊನೆಗೊಳ್ಳುತ್ತದೆ. ಆಮೇಲೆ ಕುಟುಂಬದವರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಪಾಲಕರಾಗಿ ನೇಮಕಗೊಳ್ಳಬೇಕಾಗುತ್ತದೆ. ತಂದೆಗೆ ಇಂದು ವ್ಯವಹಾರ ತಿಳಿಯುತ್ತಿದ್ದರೆ, ವೈದ್ಯರ ಪ್ರಮಾಣಪತ್ರ ಪಡೆದು ಅವರ ಇಚ್ಛೆಯಂತೆ ವಿಲ್ ಬರೆಸುವುದು, ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸುವುದು ಹೆಚ್ಚು ಕೆಲಸಕ್ಕೆ ಬರುತ್ತವೆ. ನಡೆದಾಡಲು ಆಗದಿರುವುದು ಮಾತ್ರ ಅಡ್ಡಿಯಲ್ಲ, ಅಂಥವರಿಗೆ ಕಚೇರಿಗೆ ಬರುವುದರಿಂದ ಕಾನೂನೇ ವಿನಾಯಿತಿ ಕೊಟ್ಟಿದೆ. ಅರಿವಿಲ್ಲದ ಸ್ಥಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ತಪ್ಪು. ಯಾರ ಒತ್ತಾಯಕ್ಕೂ ಅದಕ್ಕೆ ಒಪ್ಪಬೇಡಿ.

ಪ್ರಶ್ನೆ: ಕೊಟ್ಟ ಜಿಪಿಎ ರದ್ದು ಮಾಡುವುದು ಹೇಗೆ?

ಉತ್ತರ: ರದ್ದತಿ ಪತ್ರ ಬರೆಸಿ, ಮೂಲ ಜಿಪಿಎ ನೋಂದಣಿಯಾದ ಕಚೇರಿಯಲ್ಲೇ ನೋಂದಾಯಿಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಕರಾರು ಕಾಯಿದೆಯ 208ನೇ ಕಲಂ ಪ್ರಕಾರ ರದ್ದತಿ ಏಜೆಂಟನಿಗೆ (ಜಿಪಿಎ ಪಡೆದವನಿಗೆ) ಗೊತ್ತಾಗುವವರೆಗೆ ಅವನ ಮಟ್ಟಿಗೆ, ಮೂರನೆಯವರಿಗೆ ಗೊತ್ತಾಗುವವರೆಗೆ ಅವರ ಮಟ್ಟಿಗೆ ಜಾರಿಯಾಗುವುದಿಲ್ಲ. ಆದ್ದರಿಂದ ಏಜೆಂಟನಿಗೆ ಸ್ವೀಕೃತಿಸಹಿತ ಅಂಚೆಯಲ್ಲಿ ನೋಟಿಸ್ ಕಳಿಸಿ, ಬ್ಯಾಂಕಿಗೂ ಬಾಡಿಗೆದಾರರಿಗೂ ಲಿಖಿತವಾಗಿ ತಿಳಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿ. ಮೂಲ ಪತ್ರವನ್ನು ವಾಪಸ್ ಪಡೆಯಿರಿ. ನಂತರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ, ನಡುವೆ ಯಾವುದಾದರೂ ವಹಿವಾಟು ನಡೆದಿದ್ದರೆ ಕೂಡಲೇ ವಕೀಲರನ್ನು ಕಾಣಿ.